ದೇವರ ಗೂಡಿನ ಸೌಂಡ್ ಬಾಕ್ಸು

ಅಪ್ಪ ಮತ್ತು ಚಿಕ್ಕಪ್ಪ ಭಾಗವಾದಾಗ ತೆಂಗಿನ ತೋಟ, ಗದ್ದೆ, ಹಂಡೆ, ಕೊಳಗ ಎಲ್ಲವೂ ಸರಿಸಮ ಬಿದ್ದವು. ಕೊನೆಗೆ ಉಳಿದದ್ದು ತಾತನ ಕಾಲದ ಗ್ರಾಮಫೋನು. ಇಬ್ಬರಿಗೂ ಅದೇ ಬೇಕು. ಪಂಚಾಯ್ತಿಗೆ ಕೂತ ಊರ ಹಿರಿಯರ ಬುದ್ಧಿಗೆ ಏನೆನ್ನಬೇಕೋ, ಅದನ್ನೂ ಬಿಚ್ಚಿ ಹಂಚಿಬಿಟ್ಟರು. ಕೀ ಕೊಡುವ ಪೆಟ್ಟಿಗೆ, ರೆಕಾರ್ಡುಗಳು ಅಪ್ಪನಿಗೆ; ಅಗಲ ಬಾಯಿಯ ಹಾರ್ನು, ಮುಳ್ಳು ಸಿಕ್ಕಿಸುವ ದುಂಡನೆಯ ಸೌಂಡ್ ಬಾಕ್ಸು ಚಿಕ್ಕಪ್ಪನಿಗೆ. ನ್ಯಾಯ ಅಂದರೆ ನ್ಯಾಯ! ಅವತ್ತಿನಿಂದ ಅದು ಹಾಡಲಿಲ್ಲ, ಅಣ್ಣತಮ್ಮಂದಿರು ಮಾತಾಡಲಿಲ್ಲ. ತಮ್ಮನ ಹೊಸಿಲು ತುಳಿಯುವುದಿಲ್ಲ ಎಂದು ಆಣೆ ಮಾಡಿ ಅಪ್ಪ ಅರಸೀಕೆರೆ ಸೇರಿದರು. ಚಿಕ್ಕಪ್ಪ ಹಳೇಬೀಡಿನ ಹತ್ತಿರ ಮಾದಿಹಳ್ಳಿಯಲ್ಲೇ ಉಳಿದರು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಕೆಲಸ ಖಾಯಂ ಆದ ಖುಷಿಗೆ ಆ ಗ್ರಾಮಫೋನು ರಿಪೇರಿ ಮಾಡಿಸುವ ಹುಚ್ಚು ಹತ್ತಿತು. ಸುಖವಾಗಿದ್ದ ಜೀವಕ್ಕೆ ನಾನೇ ತಗುಲಿಸಿಕೊಂಡ ಪೀಡೆ. ಎರಡು ವರ್ಷ ಗುಜರಿ ಅಂಗಡಿಗಳನ್ನೆಲ್ಲ ಅಲೆದು, ಕೊನೆಗೆ ಬೆಂಗಳೂರಿನಿಂದ ಹಿತ್ತಾಳೆಯ ಹಾರ್ನು, ಸೌಂಡ್ ಬಾಕ್ಸು ತಂದೆ. ಅಂಗಡಿಯವನು "ಪಕ್ಕಾ ಒರಿಜಿನಲ್ ಸಾರ್, ಬ್ರಿಟಿಷರ ಕಾಲದ್ದು" ಎಂದಿದ್ದ. ನಮ್ಮ ಸ್ಟೇಷನ್ ರಸ್ತೆಯ ರೇಡಿಯೋ ರಿಪೇರಿಯವರು ಉಗುರಿನಲ್ಲಿ ಕೆರೆದರು. ಹಿತ್ತಾಳೆ ಬಣ್ಣ ಎದ್ದುಬಂತು, ಕೆಳಗೆ ಬರೀ ತಗಡು.

"ಯಾವ ಬ್ರಿಟಿಷ್ನೋನೂ ಇದನ್ನ ಕಂಡಿಲ್ಲ ಕಣ್ರೀ. ನಿಮ್ಮ ಪೆಟ್ಟಿಗೆ ತೋಳಿಗೂ ಕೂರಲ್ಲ. ಅದರದ್ದೇ ಹಳೇದು ಎಲ್ಲೈತೋ ನೋಡಿ," ಎಂದು ನಕ್ಕರು.

ಹಟಕ್ಕೆ ಸೈಕಲ್ ಟ್ಯೂಬ್ ಸುತ್ತಿ ಕೂರಿಸಿದೆ. ರೆಕಾರ್ಡು ಹಾಕಿದರೆ ಹಾಡುವವರ ಗಂಟಲು ಹಿಸುಕಿದ ಹಾಗೆ ಸದ್ದು. ಅಪ್ಪ ಪಡಸಾಲೆಯಿಂದ ಎದ್ದು ಬಂದರು.

"ತೆಗೀಲಾ ಅದನ್ನ! ಹಾಕಿದ್ರೆ ನಮ್ಮದೇ ಹಾಕ್ಬೇಕು."

"ನಮ್ಮದು ಚಿಕ್ಕಪ್ಪನ ಮನೇಲಿದೆ. ನೀವೇ ಹೋಗಿ ಈಸ್ಕೊಂಡ್ ಬನ್ನಿ."

"ನಾನ್ಯಾಕೆ ಹೋಗ್ಲಿ? ಬೇಕಾದ್ರೆ ನೀನು ಹೋಗು."

ಹೋದೆ. ಚಿಕ್ಕಪ್ಪನ ಕೊಟ್ಟಿಗೆಯ ಗೋಡೆಯಲ್ಲಿ ಹಾರ್ನು ನೇತಾಡುತ್ತಿತ್ತು. ಟಿಲ್ಲರಿಗೆ ಡೀಸೆಲ್ ಸುರಿಯುವ ಲಾಳಿಕೆಯಾಗಿ ದುಡಿಯುತ್ತಿತ್ತಂತೆ. ನನಗೆ ಹೊಟ್ಟೆ ಉರಿಯಿತು, ಚಿಕ್ಕಪ್ಪನಿಗೆ ಹೆಮ್ಮೆ. "ಒಂದು ತೊಟ್ಟು ಚೆಲ್ಲಲ್ಲ ನೋಡು. ತಗೊಂಡೋಗು," ಎಂದರು. ಸೌಂಡ್ ಬಾಕ್ಸು ಎಲ್ಲಿ ಎಂದಾಗ ಮಾತ್ರ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು.

ಅದು ದೇವರ ಗೂಡಿನಲ್ಲಿತ್ತು. ಭಾಗವಾದ ವರ್ಷ ಆಯುಧಪೂಜೆಗೆ ಕುಡುಗೋಲು, ಮಚ್ಚಿನ ಜೊತೆ ಅದನ್ನೂ ಇಟ್ಟಿದ್ದರಂತೆ. ಕುಡುಗೋಲು ಮಚ್ಚಿಗೆ ಕೆಲಸವಿತ್ತು, ಮಾರನೆಯ ದಿನವೇ ಎದ್ದು ಹೋದವು. ಇದಕ್ಕೆ ಕೆಲಸವಿರಲಿಲ್ಲ, ಅಲ್ಲೇ ಉಳಿಯಿತು. ಚಿಕ್ಕಮ್ಮ ದಿನಾ ಕುಂಕುಮ ಇಟ್ಟೂ ಇಟ್ಟೂ ಅದು ಬಡ್ತಿ ಪಡೆದು ದೇವರೇ ಆಗಿಬಿಟ್ಟಿತ್ತು. ಮನೆಗೆ ಬಂದ ಸೊಸೆಯರು ಅದಕ್ಕೆ ಅಡ್ಡ ಬಿದ್ದಿದ್ದರು. ಜೇಬಿಗಿಳಿಸಿ ಓಡೋಣ ಎನ್ನಿಸಿದ್ದು ಸುಳ್ಳಲ್ಲ, ಆದರೆ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದರು.

"ಪೂಜೆ ಕಂಡದ್ದನ್ನ ನಾವು ಕದಲಿಸೋ ಹಂಗಿಲ್ಲ ಕಣಪ್ಪ. ಮನೆಗೆ ಹಿರೀಕರು ಯಾರೋ ಅವರೇ ಬಂದು ಎತ್ತಬೇಕು," ಎಂದರು.

"ಹಿರೀಕ ಅಂದ್ರೆ ನಿಮ್ಮಪ್ಪಾನೇ," ಎಂದ ಚಿಕ್ಕಪ್ಪ ನನ್ನ ಕಡೆ ನೋಡಲಿಲ್ಲ. "ಅಣ್ಣ ಬತ್ತಾನಾ ಕೇಳು."

ಅರಸೀಕೆರೆಯಲ್ಲಿ ಇದನ್ನು ಹೇಳಿದ್ದೇ ತಡ, ಅಪ್ಪ "ಎಂಥಾ ಕಿತಾಪತಿ ನೋಡು ಅವಂದು!" ಎಂದು ಕೂಗಾಡಿದರು. ಆಮೇಲೆ ಮೂರು ದಿನ ಆ ಸುದ್ದಿ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಈ ಮುದುಕರ ಬಿಗುಮಾನಕ್ಕೆ ಬೆಂಕಿ ಬೀಳ ಎಂದುಕೊಂಡೆ. ಒಳಗೊಳಗೇ ಹೆದರಿಕೆಯೂ ಇತ್ತು. ಈಗಲೂ ಹೋಗದಿದ್ದರೆ ಇವರಲ್ಲೊಬ್ಬರು ಇನ್ನೊಬ್ಬರನ್ನು ನೋಡುವುದು ಹೆಣವಾಗಿಯೇ. ನಾಲ್ಕನೆಯ ದಿನ ಬೆಳಿಗ್ಗೆ ಎದ್ದರೆ ಅಪ್ಪ ಗಡ್ಡ ಕೆರೆದು, ಒಗೆದ ಪಂಚೆ ಉಟ್ಟು, ಗ್ರಾಮಫೋನಿನ ಪೆಟ್ಟಿಗೆ, ರೆಕಾರ್ಡುಗಳಿಗೆ ಟವಲು ಸುತ್ತಿಕೊಂಡು ಕೂತಿದ್ದಾರೆ!

"ದೇವರ ಕೆಲಸ. ಆಗಲ್ಲ ಅನ್ನೋಕಾಗುತ್ತಾ?" ಎಂದರು.

ಮಾದಿಹಳ್ಳಿಯ ಮನೆ ಹೊಸಿಲಿನ ಮುಂದೆ ಅಪ್ಪ ನಿಂತೇಬಿಟ್ಟರು. ಚಿಕ್ಕಪ್ಪ ಚೊಂಬು ತಂದು, ಬಗ್ಗಿ ಅಣ್ಣನ ಕಾಲಿಗೆ ನೀರು ಹಾಕಿದರು. ಅಪ್ಪ ಒಳಗೆ ಹೋಗಿ ಕೈಮುಗಿದು ಸೌಂಡ್ ಬಾಕ್ಸನ್ನು ಎತ್ತಿ ನನ್ನ ಕೈಗಿಟ್ಟರು. ಕುಂಕುಮದ ಪದರ ಕೆರೆದು ಕೆರೆದು ನನ್ನ ಉಗುರುಗಳು ಕೆಂಪಾದವು. ಕೊನೆಗೆ ಅದು ತೋಳಿಗೆ ಟಕ್ಕೆಂದು ಕೂತಿತು. ಡೀಸೆಲ್ ನಾರುವ ಹಾರ್ನಿನಿಂದ ಹಾಡು ಕೆಮ್ಮುತ್ತಾ ಬಂತು. ಅಪ್ಪನ ಜೊತೆ ಒಂದೇ ಚಾಪೆಯ ಮೇಲೆ ಕೂತಿದ್ದ ಚಿಕ್ಕಪ್ಪ ಗಳಗಳ ಅತ್ತುಬಿಟ್ಟರು.

"ಅಳೋದು ಬಿಟ್ಟು ಕೀ ಕೊಡ್ಲಾ, ನಿಂತೋಗ್ತೈತೆ," ಎಂದು ಅಪ್ಪ ಗದರಿದರು. ಇಷ್ಟು ವರ್ಷಗಳ ಮೇಲೆ ತಮ್ಮನೊಡನೆ ಆಡಿದ ಮೊದಲ ಮಾತು.

ಸಂಜೆ ಬಸ್ಸಿನ ಹೊತ್ತಾಯಿತು. ಚಿಕ್ಕಪ್ಪ ಹಾರ್ನು, ಸೌಂಡ್ ಬಾಕ್ಸು, ಪೆಟ್ಟಿಗೆ ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ, "ತಗೊಂಡೋಗಪ್ಪ, ಇನ್ನು ನಿಮ್ಮದೇ," ಎಂದರು. ನಾನು ಕುಣಿಯುವಷ್ಟು ಖುಷಿಯಲ್ಲಿ ಚೀಲ ಎತ್ತಿಕೊಂಡೆ. ಅಪ್ಪ ಅದನ್ನು ನನ್ನ ಕೈಯಿಂದ ಕಿತ್ತು ಕೆಳಗಿಟ್ಟರು.

"ಎರಡು ವರ್ಷ ಒದ್ದಾಡಿದ್ದೀನಪ್ಪ!" ಎಂದು ಕಿರುಚಿದೆ.

ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದರು, ತಮ್ಮನಿಗೆ ಕೇಳಿಸದ ಹಾಗೆ. "ಇಲ್ಲೇ ಇರ್ಲಿ ಬಿಡೋ. ಅದೂ ಅರಸೀಕೆರೆಗೇ ಬಂದುಬಿಟ್ರೆ, ನಾನು ಇನ್ನು ಇಲ್ಲಿಗೆ ಏನಂತ ಬರ್ಲಿ?"