ಒಂಬತ್ತನೆಯ ಹೆಸರು

ನವಲಗುಂದದ ಹತ್ತಿ ಮಿಲ್ಲಿನ ಮೇಸ್ತ್ರಿ ದಾವೂದಸಾಬರು ಎಂಟು ಹೆಂಗಸರನ್ನೂ ಹೆಸರು ಹಿಡಿದು ಕೂಗಿ, ಒಬ್ಬೊಬ್ಬರೂ ‘ದೂರ ಅದೀನ್ರಿ’ ಅನ್ನುವವರೆಗೆ ಯಂತ್ರದ ಗುಂಡಿ ಒತ್ತುವವರಲ್ಲ. ಯಾರಾದರೂ ಬರೀ ತಲೆಯಾಡಿಸಿದರೆ, ‘ಬಾಯಿ ಸಂತ್ಯಾಗ ಬಿಟ್ಟ ಬಂದಿಯೇನ್ ಬೇ?’ ಎಂದು ಗದರುತ್ತಾರೆ. ಮನೆಯಲ್ಲಿ ಮಿಕ್ಸಿ ಹಚ್ಚುವಾಗಲೂ ಹೆಂಡತಿಗೆ ಇದೇ ಪಾಠವಂತೆ. ಒಂಬತ್ತನೆಯದಾಗಿ ಅವರು ಕೂಗುವುದು ಗಂಗವ್ವನನ್ನು. ಹಿಂದೊಮ್ಮೆ ಅವರು ಕೇಳದೆ ಗುಂಡಿ ಒತ್ತಿದಾಗ ಇದೇ ಯಂತ್ರಕ್ಕೆ ಸಿಕ್ಕು ಸತ್ತವಳು. ಒಂದು ಗಳಿಗೆ ಕಿವಿಗೊಟ್ಟು, ‘ಹಾಂ’ ಎಂದು ಶುರು ಮಾಡುತ್ತಾರೆ. ಕೂಸು ಕಟ್ಟಿಕೊಂಡು ಕೆಲಸ ಕಲಿಯಲು ಬಂದ ಶೈಲಾಗೆ ಅದನ್ನು ಕಂಡರೆ ನಗು. ಇವತ್ತು ಮಾತ್ರ ಅವರ ಕೈ ಗುಂಡಿಯ ಮೇಲೇ ನಿಂತಿತು. ‘ಗಂಗವ್ವ ಓ ಅನವಲ್ಲಳು. ಶೈಲಾ, ನಿನ್ನ ಕೂಸೆಲ್ಲೈತಿ?’ ಶೈಲಾ ತಿರುಗಿದಳು. ಕಂಬಕ್ಕೆ ಕಟ್ಟಿದ್ದ ಸೀರೆಯ ತೊಟ್ಟಿಲು ಬರಿದಾಗಿತ್ತು. ಯಂತ್ರದ ಬಾಯಿಗೆ ಒಡ್ಡಿದ ಹತ್ತಿಯ ರಾಶಿ ಮೆಲ್ಲಗೆ ಉಸಿರಾಡುತ್ತಿತ್ತು.