ಅಲ್ ಶಮಾಲಿಗೆ ಒಯ್ದ ಗ್ರಾಮಫೋನ್

ಏಷ್ಯನ್ ಗೇಮ್ಸ್ ಬರುತ್ತದೆಂದು ದೋಹಾದ ರಸ್ತೆಗಳನ್ನೆಲ್ಲ ಅಗೆದು ಹಾಕಿದ್ದ ಬೇಸಿಗೆಯಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ನಾನೂ ಗೆಳೆಯ ಸದಾನಂದನೂ ಅಲ್ ಮನ್ಸೂರಾದಿಂದ ಹೊರಟೆವು. ಹಿಂದಿನ ಸೀಟಿನಲ್ಲಿ ಕಂಬಳಿ ಸುತ್ತಿದ ನನ್ನ ಗ್ರಾಮಫೋನ್, ಕೀಲಿ ಕೊಟ್ಟರೆ ಹಾಡುವಂಥದ್ದು. ಇಡ್ಲಿ ತಿಂದು, ಪೆಟ್ರೋಲ್ ತುಂಬಿಸಿ, ಅಲ್ ಶಮಾಲಿಗೆ ನೂರು ಕಿಲೋಮೀಟರು. ಏಸಿ ಇದ್ದರೂ ಅಂಗಿ ಬೆನ್ನಿಗೆ ಅಂಟಿತ್ತು.

ಅಲ್ಲಿ ನನ್ನ ಆಫೀಸಿನ ಜಪಾನಿ ಎಂಜಿನಿಯರ್ ಹಯಾಶಿ ಕಾಯುತ್ತಿದ್ದರು. ಜಪಾನಿಗೆ ಗ್ರಾಮಫೋನ್ ಹೊಸತಾಗಿದ್ದ ಕಾಲದಲ್ಲಿ ಅವರ ಅಜ್ಜಿ ಹೆಸರಾಂತ ಗಾಯಕಿ. ನಾಟಕದಲ್ಲಿ ಹಾಡಿದ್ದು ಗ್ರಾಮಫೋನ್ ತಟ್ಟೆಗೆ ಬಂದು, ನೂಲಿನ ಗಿರಣಿಯ ಹುಡುಗಿಯರ ಬಾಯಲ್ಲೆಲ್ಲ ಅದೇ ಹಾಡು. ಮದುವೆಯಾದ ಮೇಲೆ ಗಂಡನಿಗೆ ಮರ್ಯಾದೆ ನೆನಪಾಯಿತು. ಮನೆಯಲ್ಲಿದ್ದ ತಟ್ಟೆಗಳನ್ನೆಲ್ಲ ಅಂಗಳದ ಕಲ್ಲಿಗೆ ಬಡಿದು ಒಡೆದ. ಆ ಮನೆ ಕಟ್ಟಿದ್ದೇ ಅವಳ ಹಾಡಿನ ದುಡ್ಡಿನಿಂದ, ಮಹಾಶಯನಿಗೆ ಅದು ಮಾತ್ರ ನೆನಪಾಗಲಿಲ್ಲ. ಆಮೇಲೆ ಆಕೆ ಮಗುವನ್ನು ಮಲಗಿಸುವಾಗಲೂ ಹಾಡಲಿಲ್ಲವಂತೆ. ಕೇಳಿದಾಗಲೇ ನನಗೆ ಮೈಯೆಲ್ಲ ಉರಿದಿತ್ತು.

ನೆರೆಮನೆಯವರು ಬಚ್ಚಿಟ್ಟಿದ್ದ ಒಂದೇ ಒಂದು ತಟ್ಟೆ ಉಳಿದಿತ್ತು. ಅದು ಈಗ ಹಯಾಶಿಯ ಕೈ ಸೇರಿತ್ತು. ಅಜ್ಜಿ ಹಾಡಿದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಚಹಾ ಕುಡಿದು ನಾನು ಗ್ರಾಮಫೋನಿಗೆ ಹೊಸ ಮುಳ್ಳು ಹಾಕುತ್ತಿದ್ದೆ. ತಟ್ಟೆ ಸದಾನಂದನ ಕೈಯಲ್ಲಿತ್ತು. ಕತಾರಿಗೆ ಬಂದು ಇಲ್ಲಿನವರ ಮನೆಗಳಲ್ಲಿ ಓಡಾಡಿ ಅವನಿಗೆ ಅವರ ರೀತಿ ಮೈಗೂಡಿಬಿಟ್ಟಿದೆ. ಸುಗಂಧ ಪೂಸದಿದ್ದರೆ ಗೌರವ ಕೊಟ್ಟ ಹಾಗೆ ಆಗುವುದೇ ಇಲ್ಲ. ತಿರುಗಿ ನೋಡಿದರೆ, ಜೇಬಿನ ಸೆಂಟನ್ನು ಕರವಸ್ತ್ರಕ್ಕೆ ಸಿಂಪಡಿಸಿ, ತಟ್ಟೆಯನ್ನು ಅಂಚಿನಿಂದ ಒಳಕ್ಕೆ ಉಜ್ಜುತ್ತ ಬರುತ್ತಿದ್ದಾನೆ. ಕರವಸ್ತ್ರ ಕಪ್ಪಾಗಿತ್ತು.

"ಎಂತ ಮಾಡ್ತಾ ಇದ್ದಿ ಮಾರಾಯ?"

"ಎಷ್ಟು ಕೊಳೆ ಉಂಟು ನೋಡು. ಹಿರಿಯರ ಸಾಮಾನಲ್ವಾ, ಸ್ವಲ್ಪ ಪರಿಮಳ ಇರ್ಲಿ ಅಂತ."

"ಅದು ಕೊಳೆ ಅಲ್ಲ, ಹಾಡು. ಆಗಿನ ತಟ್ಟೆ ಅರಗಿನದ್ದು. ಸೆಂಟಿನ ಸ್ಪಿರಿಟ್ ತಾಗಿದ್ರೆ ಕರಗ್ತದೆ."

ಬಾಯಿಗೆ ಬಂದಂತೆ ಬೈದೆ. ತಟ್ಟೆ ತಿರುಗಿಸಿದೆ, ಹಿಂಬದಿ ನುಣ್ಣಗಿತ್ತು. ಆ ಕಾಲದವಕ್ಕೆ ಹಾಡು ಒಂದೇ ಬದಿಗೆ. ಹಯಾಶಿ ನಡುವೆ ಬಂದು, "ಇರಲಿ, ಹಾಕಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಮುಳ್ಳು ಇಟ್ಟೆ. ಬರೀ ಗರಗರ. ಹಲ್ಲು ಕಚ್ಚಿಕೊಂಡು ನಿಂತೆ. ಸದಾನಂದನ ಕೈ ನಿಂತಿದ್ದ ಜಾಗಕ್ಕೆ ಮುಳ್ಳು ಬಂದಾಗ, ಯಾರೋ ಉಸಿರೆಳೆದುಕೊಂಡದ್ದು ಕೇಳಿಸಿತು. ಹಿಂದೆಯೇ ತೆಳುವಾದ ಹೆಣ್ಣುದನಿ, ಹಾಡಿನ ಕೊನೆಯ ಸಾಲು. ಅಷ್ಟಕ್ಕೇ ಮುಗಿಯಿತು.

"ಆ ಉಸಿರು ಅಜ್ಜಿಯದೇ ಅಲ್ಲವೇ?" ಹಯಾಶಿ ಕೇಳಿದರು.

"ಹೌದು."

"ಇನ್ನೊಮ್ಮೆ."

ಕೀಲಿ ಕೊಟ್ಟೆ. ಮತ್ತೆ ಮತ್ತೆ ಕೊಟ್ಟೆ.

ವಾಪಸು ಬರುವಾಗ ಸದಾನಂದ ಹೇಳಿದ, "ಖಲಾಸ್ ಮಾರಾಯ. ಅವರೇ ಎಂತ ಹೇಳ್ಲಿಲ್ಲ, ನಿಂಗ್ಯಾಕೆ ಇಷ್ಟು ಸಿಟ್ಟು?"

ಅಜ್ಜ ಸಿಟ್ಟಿನಿಂದ ಒಡೆದ, ಇವನು ಗೌರವದಿಂದ ಒರೆಸಿದ. ಅವಳ ಪಾಲಿಗೆ ಎರಡೂ ಒಂದೇ ಆಯಿತು. ಕಾರಿನ ತುಂಬ ಆ ಸೆಂಟಿನ ಪರಿಮಳ. ಬಿಸಿಗಾಳಿ ಮುಖ ಸುಟ್ಟರೂ ಸರಿ ಎಂದು, ದೋಹಾ ಬರುವವರೆಗೂ ಕಿಟಕಿ ಇಳಿಸಿಯೇ ಓಡಿಸಿದೆ.