ಎಡಗೈಯಾಗ ಹಳೇದು, ಬಲಗೈಯಾಗ ಹೊಸದು

ಹಳೆಯ ಚರ್ಚಿನೊಳಗೆ ಕಾಲಿಟ್ಟರೆ ನಾವೆಲ್ಲ ತಲೆಯೆತ್ತಿ ಚಾವಣಿ ನೋಡುತ್ತಿದ್ದೆವು. ಮಕ್ತುಮ್ ಅಂಕಲ್ ಮಾತ್ರ ಕುಕ್ಕರಗಾಲಲ್ಲಿ ಕೂತು ನೆಲ ತಟ್ಟುತ್ತಿದ್ದರು. ನಾಣ್ಯದ ಅಂಚಿನಿಂದ ಟಕ್ ಟಕ್ ಎನ್ನಿಸಿ, ಕಿವಿ ಓರೆ ಮಾಡಿ ಕೇಳಿ, “ಇದು ಒಳಗ ಪೊಳ್ಳ ಐತಿ” ಎಂದೋ “ಇನ್ನ ನೂರು ವರ್ಷ ಇದಕ್ಕೇನೂ ಆಗೂದಿಲ್ಲ” ಎಂದೋ ತೀರ್ಪು ಕೊಟ್ಟು, ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ಅವರು ಗದಗ ಪಕ್ಕದ ಬೆಟಗೇರಿಯವರು. ಷಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ಮೂವತ್ತು ವರ್ಷದಿಂದ ಟೈಲ್ಸ್ ಅಂಗಡಿ ಇಟ್ಟಿದ್ದರು. ಅಂಗಡಿಯ ಹುಡುಗರೆಲ್ಲ ಸ್ಪ್ಯಾನಿಷ್ ಮಾತಾಡುವವರಾದ್ದರಿಂದ ಅಂಕಲ್‌ಗೂ ಆ ಭಾಷೆ ಬರುತ್ತಿತ್ತು. ಆದರೆ ಅದನ್ನು ಅವರು ಗದಗಿನ ಸಂತೆಯ ಧಾಟಿಯಲ್ಲೇ ಆಡುತ್ತಿದ್ದರು.

ಅಮೆರಿಕಕ್ಕೆ ಬಂದ ಹೊಸತರಲ್ಲಿ ನಾವು ಅವರ ಮನೆಯ ಹಿಂದಿನ ಅಪಾರ್ಟ್‌ಮೆಂಟಿನಲ್ಲಿದ್ದೆವು. ಆಮೇಲೆ ನನ್ನ ಗಂಡನ ಕೆಲಸ ಮಿಶಿಗನ್ನಿನ ಪ್ಲಿಮತ್‌ಗೆ ಹೋಯಿತು, ನಾವೂ ಹೋದೆವು. ಅಂಕಲ್ ಬಿಡಲಿಲ್ಲ. ಪ್ರತಿ ಸ್ಪ್ರಿಂಗ್ ಬ್ರೇಕಿಗೆ, ಅಂದರೆ ಮಕ್ಕಳ ಶಾಲೆಯ ವಸಂತದ ರಜೆಗೆ, ಐದಾರು ಮನೆಯವರನ್ನು ಕೂಡಿಸಿ ಪ್ರವಾಸ ಹೊರಡಿಸುತ್ತಿದ್ದರು, ಅದರಲ್ಲಿ ನನ್ನ ಹೆಸರು ಕೇಳದೆಯೇ ಸೇರಿರುತ್ತಿತ್ತು. ಬೀಚು ಅವರಿಗೆ ಆಗದು. “ಉಸುಕು ನೋಡಾಕ ವಿಮಾನ ಯಾಕ ಬೇಕು?” ಎನ್ನುತ್ತಿದ್ದರು. ಹಳೇ ಊರು, ಹಳೇ ಪೇಟೆ, ಹಳೇ ನೆಲ ಇರಬೇಕು. ಆ ವರ್ಷ ಮಧ್ಯ ಅಮೆರಿಕದ ಕೋಸ್ಟರಿಕಾ. ಗಂಡನಿಗೆ ರಜೆ ಸಿಗದೆ ನಾನೂ ಮಗಳೂ ಮಾತ್ರ ಹೋಗಿದ್ದೆವು.

ಅವರ ಇನ್ನೊಂದು ಗೀಳು ಪಾಸ್‌ಪೋರ್ಟ್ ಕವಾಯತು. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟ್ ಅವಧಿ ಮುಗಿದು ಹೊಸದು ಬಂದಿತ್ತು, ಆದರೆ ಅಮೆರಿಕದ ವೀಸಾ, ರದ್ದೆಂದು ಮೂಲೆ ಕತ್ತರಿಸಿದ ಹಳೆಯದರಲ್ಲೇ ಇತ್ತು. ಎರಡೂ ಜೊತೆಗಿದ್ದರೆ ಮಾತ್ರ ವಾಪಸ್ ಪ್ರವೇಶ. ಹಳೆಯದು ಕಳೆದರೆ ವಿಮಾನದವರು ಹತ್ತಿಸುವುದೂ ಇಲ್ಲ. ಆದ್ದರಿಂದ ಒಂದೊಂದು ಊರು ಬಿಡುವಾಗಲೂ ಅಂಕಲ್ ಬಾಡಿಗೆ ವ್ಯಾನುಗಳ ಮುಂದೆ ನಮ್ಮನ್ನು ಸಾಲಾಗಿ ನಿಲ್ಲಿಸಿ ಕೂಗುತ್ತಿದ್ದರು: “ಎಡಗೈಯಾಗ ಹಳೇದು, ಬಲಗೈಯಾಗ ಹೊಸದು. ಎತ್ರಿ ಮ್ಯಾಲ.” ಡಾಕ್ಟರುಗಳು, ಇಂಜಿನಿಯರುಗಳು, ಬೋಳುತಲೆಯ ಮ್ಯಾನೇಜರುಗಳು ಪ್ರೈಮರಿ ಶಾಲೆಯ ಮಕ್ಕಳ ಹಾಗೆ ಎರಡೂ ಕೈ ಎತ್ತಿ ನಿಲ್ಲುತ್ತಿದ್ದೆವು. ದಾರಿಹೋಕರು ನಿಂತು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒರೋಸಿ ಎಂಬ ಕಣಿವೆಯ ಊರಿನಲ್ಲಿ ಎರಡು ದಿನ ಇದ್ದೆವು. ಚರ್ಚಿನ ಹಿಂದೆ ಮಾರ್ತಾ ಎಂಬ ಮುದುಕಿಯ ವಸತಿಗೃಹ. ಹೊರಡುವ ಬೆಳಿಗ್ಗೆ ಕವಾಯತಿಗೆ ಕರೆ ಬಂದಾಗ ನನ್ನ ಕೈಗೆ ಸಿಕ್ಕಿದ್ದು ಹೊಸ ಪಾಸ್‌ಪೋರ್ಟು ಮತ್ತು ಒಂಬತ್ತು ವರ್ಷದ ಮಗಳು ಅನಘಳ ಅಮೆರಿಕನ್ ಪಾಸ್‌ಪೋರ್ಟು. ಹಳೆಯದು ಪೆಟ್ಟಿಗೆಯ ತಳದಲ್ಲಿ ಎಲ್ಲೋ ಇದೆ ಎಂದುಕೊಂಡೆ. ಎಲ್ಲವೂ ಕಡುನೀಲಿ, ಮೇಲಿನ ಮುದ್ರೆ ನಮ್ಮ ಸಿಂಹವೋ ಅಮೆರಿಕದ ಹದ್ದೋ ದೂರಕ್ಕೆ ಯಾರಿಗೆ ಗೊತ್ತಾಗುತ್ತದೆ? ಎಡಗೈಯಲ್ಲಿ ಅವಳದನ್ನೇ ಎತ್ತಿದೆ.

“ಅಮ್ಮಾ, ದಟ್ಸ್ ಮೈನ್” ಎಂದಳು ಅನಘ.

“ಸುಮ್ನಿರು” ಎಂದು ಗದರಿದೆ. ಅಂಕಲ್ ನನ್ನ ಕಡೆ ಒಂದು ಕ್ಷಣ ನೋಡಿ, “ಹತ್ರಿ, ಹತ್ರಿ” ಎಂದು ಎಲ್ಲರನ್ನೂ ವ್ಯಾನಿಗೆ ಹತ್ತಿಸಿದರು.

ಅಲ್ಲಿಂದ ಕಾರ್ತಾಗೊ ನೋಡಿಕೊಂಡು, ರಾಜಧಾನಿಯ ಆಚೆಯ ಎರೆಡಿಯಾ ಎಂಬ ಪೇಟೆಯಲ್ಲಿ ಕೊನೆಯ ರಾತ್ರಿ ಉಳಿದೆವು. ಮರುದಿನ ಭಾನುವಾರ, ಮಧ್ಯಾಹ್ನ ಎರಡಕ್ಕೆ ಷಿಕಾಗೋ ವಿಮಾನ. ಬೆಳಿಗ್ಗೆ ಏಳಕ್ಕೆ ಪೆಟ್ಟಿಗೆ ಕಟ್ಟುತ್ತ ನೋಡುತ್ತೇನೆ, ಹಳೆಯ ಪಾಸ್‌ಪೋರ್ಟ್ ಇಲ್ಲ. ಮೂರು ಸಲ ಬಟ್ಟೆ ಕೊಡವಿದ ಮೇಲೆ ನೆನಪಾಯಿತು. ಮೈಸೂರಿನಲ್ಲಿ ನಮ್ಮಮ್ಮ ಬೆಲೆಬಾಳುವ ಕಾಗದಗಳನ್ನೆಲ್ಲ ಬೀರುವಿನಲ್ಲಿ ಹಾಸಿದ ಪೇಪರಿನ ಅಡಿಯಲ್ಲಿಡುತ್ತಿದ್ದಳು. ಒರೋಸಿಯಲ್ಲಿ ಮೊದಲ ದಿನವೇ ನಾನೂ ಡ್ರಾಯರಿನ ಪೇಪರಿನಡಿ ಅದನ್ನು ಸೇರಿಸಿ ನಿಶ್ಚಿಂತಳಾಗಿದ್ದೆ. ಬುದ್ಧಿವಂತೆ!

ಮಾರ್ತಾಗೆ ಫೋನ್ ಮಾಡಿದರೆ ಎತ್ತುವವರಿಲ್ಲ. ಹೊಸ ವೀಸಾ ಆಗಲು ಎಷ್ಟು ತಿಂಗಳೋ ಯಾರಿಗೂ ಗೊತ್ತಿಲ್ಲ. ಮಗಳು ಹೋಗಬಹುದು, ನಾನು ಹೋಗುವಂತಿಲ್ಲ. ಅಂಕಲ್ ಬೈಯಲಿಲ್ಲ. ಒಂದು ವ್ಯಾನಿನಿಂದ ಸಾಮಾನು ಇಳಿಸಿ, ಬೀಗದಕೈ ತೆಗೆದುಕೊಂಡರು. ಉಳಿದವರಿಗೆ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: “ಇನ್ನೊಂದು ವ್ಯಾನಿನ್ಯಾಗ ಹಿಡಸಲಾರದವ್ರು ಟ್ಯಾಕ್ಸಿ ಮಾಡ್ಕೊಂಡು ಏರ್‌ಪೋರ್ಟಿಗೆ ಹೋಗ್ರಿ. ನಾವು ಬರ್ಲಿಲ್ಲಂದ್ರ ಹುಡುಗೀನ್ನ ವಿಮಾನ ಹತ್ತಸ್ರಿ. ಅವರಪ್ಪಗ ನಾ ಫೋನ್ ಮಾಡ್ತೀನಿ.”

ಅನಘ ಅಳಲಿಲ್ಲ. “ಯು ಆರ್ ಕಮಿಂಗ್, ರೈಟ್?” ಎಂದು ಕೇಳಿದಳು. ನಾನು ಹ್ಞೂಂ ಎಂದೆ. ಆ ಪ್ರವಾಸದಲ್ಲಿ ನಾನು ಹೇಳಿದ ಎರಡನೆಯ ಸುಳ್ಳು ಅದು.

ಒರೋಸಿ ಮೂವತ್ತು ಮೈಲಿಯೊಳಗೇ, ಆದರೆ ಬೆಟ್ಟದ ಇಳಿಜಾರು. ತಲುಪಿದಾಗ ಒಂಬತ್ತೂವರೆ. ಊರ ಬಾಗಿಲಲ್ಲೇ ದಾರಿ ಕಟ್ಟಿತ್ತು. ಈಸ್ಟರಿಗೆ ಹಿಂದಿನ ಭಾನುವಾರದ ಮೆರವಣಿಗೆ: ಕತ್ತೆಯ ಮೇಲೆ ಯೇಸುವಿನ ವಿಗ್ರಹ, ಸುತ್ತ ತಾಳೆಗರಿ ಹಿಡಿದ ಇಡೀ ಊರು.

“ಹಾರ್ನ್ ಮಾಡಿ ಅಂಕಲ್” ಎಂದೆ.

“ದೇವ್ರು ಹೊಂಟಾನವಾ. ಹಾರ್ನ್ ಹಾಕಬಾರ್ದು.”

“ಹಾಗಾದ್ರೆ ನಡುವೆ ನುಗ್ಗಿ ಓಡೋಣ.”

“ನಮ್ಮೂರಾಗ ಮೊಹರಂ ಪಂಜಾ ಹೊತ್ತು ಹೊಂಟಾಗ ಅದರ ಮುಂದ ಹಿಂಗ ಯಾರರ ಅಡ್ಡ ಓಡಿದ್ರ ಮಂದಿ ಬಿಡ್ತಿದ್ರೇನು? ಮೆರವಣಿಗಿಗೆ ಅಡ್ಡ ಹೋಗಬಾರ್ದು, ಅದರ ಜೋಡಿ ಹೋಗಬೇಕು. ಅದೂ ಚರ್ಚಿಗೇ ಹೊಂಟೈತಿ. ನಡಿ.”

ವ್ಯಾನನ್ನು ಬೇಲಿಗೆ ಒರಗಿಸಿ ನಿಲ್ಲಿಸಿ ಇಳಿದರು. ಯಾರೋ ಅವರ ಕೈಗೊಂದು ಗರಿ ಕೊಟ್ಟರು, ಎರಡೂ ಕೈಯಿಂದ ತೆಗೆದುಕೊಂಡರು. ನನಗೂ ಒಂದು ಸಿಕ್ಕಿತು. ಹತ್ತು ಹೆಜ್ಜೆ ನಡೆದರೆ ಮೆರವಣಿಗೆ ನಿಲ್ಲುತ್ತಿತ್ತು, ಹಾಡು ಮುಗಿದ ಮೇಲೆ ಮತ್ತೆ ಹತ್ತು ಹೆಜ್ಜೆ. ನಾನು ಗಡಿಯಾರ ನೋಡುತ್ತಿದ್ದೆ. ಅಂಕಲ್ ಮುಖ ಹುಡುಕುತ್ತಿದ್ದರು. ಹಾಡುವವರ ಸಾಲಿನಲ್ಲಿ ಮಾರ್ತಾ ಸಿಕ್ಕಳು. ಅವರು ಬಾಗಿ ಸ್ಪ್ಯಾನಿಷಿನಲ್ಲಿ ಎರಡು ಮಾತಾಡಿದರು. ಆಕೆ ಚರ್ಚಿನ ಕಡೆ ಬೆರಳು ತೋರಿಸಿ ಹಾಡು ಮುಂದುವರಿಸಿದಳು.

“ಮೆರವಣಿಗಿ ಚರ್ಚಿನ ಬಾಗಿಲ ಮುಟ್ಟಿದ ಮ್ಯಾಲ ಬರ್ತಾಳಂತ.”

“ಕೀ ಕೊಟ್ರೆ ಸಾಕಲ್ಲ ಅಂಕಲ್? ಕೇಳಿ ಇನ್ನೊಂದ್ಸಲ. ನನ್ನ ಮಗಳು ಅಲ್ಲಿ ಒಬ್ಳೇ ಇದಾಳೆ.”

“ಆಕಿ ಕೆಲಸ ಮುಗೀಲಿ” ಎಂದರು. ಮುಂದಿನ ಹತ್ತು ಹೆಜ್ಜೆ ನಡೆಯುತ್ತ, ಮುಂದೆ ನೋಡುತ್ತಲೇ ಹೇಳಿದರು: “ನಿನ್ನೆ ಮುಂಜಾನೆ ನಿನ್ನ ಎಡಗೈಯಾಗ ಹದ್ದಿನ ಚಿತ್ರ ಕಂಡಿತ್ತವಾ ನನಗ.”

ನಾನು ನಿಂತುಬಿಟ್ಟೆ.

“ಹುಡುಗಿ ಅಂದದ್ದೂ ಕೇಳಿಸ್ತು. ನಾಕು ಮಂದಿ ಮುಂದ ಹೆಣ್ಮಗಳನ್ನ ಹೆಂಗ ಕೇಳೂದು, ಪೆಟಗ್ಯಾಗ ಇದ್ದೀತು ಅಂತ ಸುಮ್ಕಾದೆ. ಊರೂರ ನೆಲಾ ತಟ್ಟಿ ನೋಡಾಂವ ನಾನು, ನಿನ್ನ ಒಂದು ಮಾತು ಕೇಳಲಿಲ್ಲ. ತಪ್ಪು ನಂದೈತಿ.”

ಆ ಹೊತ್ತಿನಲ್ಲಿ ಅವರು ನನ್ನ ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು. ತಪ್ಪು ನನ್ನದು ಎಂದು ಹೇಳಲು ಬಾಯಿ ತೆರೆದೆ, ಅಳು ಬಂತು. ಗರಿ ಅಡ್ಡ ಹಿಡಿದು ಅತ್ತೆ. ಅಕ್ಕಪಕ್ಕದವರು ನನ್ನದು ಭಕ್ತಿ ಎಂದುಕೊಂಡಿರಬೇಕು, ಒಬ್ಬಾಕೆ ಬೆನ್ನು ಸವರಿದಳು.

ಚರ್ಚಿನ ಬಾಗಿಲು ಮುಟ್ಟಿದಾಗ ಹತ್ತು ಗಂಟೆ ಹತ್ತು ನಿಮಿಷ. ಮಾರ್ತಾ ಮಾತು ಉಳಿಸಿಕೊಂಡಳು, ಗರಿ ಹಿಡಿದೇ ಓಡೋಡಿ ಬಂದು ಬೀಗ ತೆಗೆದಳು. ಡ್ರಾಯರ್ ಎಳೆದೆ, ಪೇಪರ್ ಎತ್ತಿದೆ. ಮೂಲೆ ಕತ್ತರಿಸಿದ ಪುಸ್ತಕ ಅಲ್ಲೇ ಇತ್ತು.

ವಿಮಾನನಿಲ್ದಾಣಕ್ಕೆ ಬಂದಾಗ ಹನ್ನೆರಡು ದಾಟಿತ್ತು. ಕೌಂಟರಿನ ಮುಂದೆ ಅಂಕಲ್ ಮತ್ತೆ ಕವಾಯತು ಕರೆದರು. ಆ ಸಲ ಒಬ್ಬೊಬ್ಬರ ಬಳಿ ನಿಂತು ಪುಟ ತೆರೆಸಿ ವೀಸಾ ನೋಡಿದರು. ಡಾಕ್ಟರೊಬ್ಬರು, “ಇದು ಅತಿಯಾಯ್ತು ಸಾಹೇಬ್ರೇ” ಎಂದು ಸಿಟ್ಟಾದರು. ಅಂಕಲ್ ಜಗ್ಗಲಿಲ್ಲ. ನನ್ನದನ್ನು ಮಾತ್ರ ನೋಡದೆ ಮುಂದೆ ಹೋದರು. ಅನಘ ನನ್ನ ಸೊಂಟ ಬಿಟ್ಟಿರಲಿಲ್ಲ.

ಆ ಚಳಿಗಾಲಕ್ಕೆ ಮುಂಚೆ ಅವರ ಕಿಡ್ನಿ ಕೈಕೊಟ್ಟಿತು. ನೋಡಲು ವುಡ್‌ರಿಡ್ಜ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಸೋಫಾದಲ್ಲಿ ಕಂಬಳಿ ಹೊದ್ದು, ಗ್ವಾಟೆಮಾಲಾದ ಆಂಟಿಗುವಾ ಎಂಬ ಹಳೇ ಊರಿನ ನಕ್ಷೆ ಹರಡಿಕೊಂಡು ಕೂತಿದ್ದರು.

“ಈ ಸಲ ಸಾಲು ನೀ ನಿಲ್ಲಸು” ಎಂದರು.

“ನಾನಾ ಅಂಕಲ್? ಎಲ್ರಿಗಿಂತ ದೊಡ್ಡ ಕಳ್ಳಿ ನಾನೇ.”

“ಅದಕ್ಕ ನಿನಗ ಹೇಳಾಕತ್ತೀನಿ. ಮಂದಿ ಮುಂದ ಕೇಳಾಕ ನಾಚಬ್ಯಾಡ. ಸಿಟ್ಟಾದ್ರ ಆಗ್ಲಿ.”

ಜನವರಿಯಲ್ಲಿ ಅವರು ತೀರಿಹೋದರು.

ಮಾರ್ಚಿನಲ್ಲಿ ಷಿಕಾಗೋ ಏರ್‌ಪೋರ್ಟಿನಲ್ಲಿ ನಾನು ಮುಂದೆ ನಿಂತು ಅವರ ಮಾತನ್ನೇ ಕೂಗಿದೆ. ಕೈಗಳು ಎದ್ದವು. ಷಿಕಾಗೋ ಪಕ್ಕದ ಊರಾದ ಹಾಫ್‌ಮನ್ ಎಸ್ಟೇಟ್ಸ್‌ನ ಹೊಸ ಹುಡುಗಿ ರಶ್ಮಿಯ ಎಡಗೈಯಲ್ಲಿದ್ದ ಪಾಸ್‌ಪೋರ್ಟಿಗೆ ಕೆಂಪು ಕವರ್ ಇತ್ತು, ಒಳಗೇನಿದೆ ಕಾಣದು. ಎಲ್ಲರ ಮುಂದೆಯೇ ಕವರ್ ತೆಗೆಯಲು ಹೇಳಿದೆ.

“ನನ್ ಮೇಲೆ ನಂಬಿಕೆ ಇಲ್ವಾ ಆಂಟಿ?”

“ಇದೆ. ಆದ್ರೂ ತೆಗಿ.”

ಮೂಲೆ ಕತ್ತರಿಸಿದ್ದೇ ಇತ್ತು, ವೀಸಾ ಸರಿಯಿತ್ತು. ಅವಳ ಕಣ್ಣಲ್ಲಿ ನೀರು ಬಂತು. ಆಂಟಿಗುವಾ ಮುಗಿಯುವವರೆಗೂ ಅವಳು ನನ್ನೊಡನೆ ಮಾತಾಡಲಿಲ್ಲ. ಒರೋಸಿಯಲ್ಲಿ ಅಂಕಲ್ ಯಾಕೆ ಸುಮ್ಮನಾಗಿದ್ದರು ಎಂಬುದು ನನಗೆ ಆಗ ಪೂರ್ತಿ ತಿಳಿಯಿತು.

ಅಲ್ಲಿನ ಹಳೆಯ ಚರ್ಚಿನಲ್ಲಿ ಎಲ್ಲರೂ ಚಾವಣಿ ನೋಡುತ್ತಿದ್ದಾಗ ನಾನು ಕುಕ್ಕರಗಾಲಲ್ಲಿ ಕೂತು, ಪರ್ಸಿನಿಂದ ನಾಣ್ಯ ತೆಗೆದು ನೆಲ ತಟ್ಟಿದೆ. ಟಕ್ ಎಂದಿತು. ಪಕ್ಕದ ಟೈಲನ್ನೂ ತಟ್ಟಿದೆ. ಯಾವುದು ಪೊಳ್ಳು, ಯಾವುದು ಗಟ್ಟಿ ತಿಳಿಯಲಿಲ್ಲ. ಅಂಕಲ್ ಅವರನ್ನು ಕೇಳೋಣವೆಂದು ತಲೆಯೆತ್ತಿದೆ.